ಆಯಿ ಟಾಮ್‌ನ ಪಕ್ಷ

ನನ್ನ ಮಗಳಿಗೆ ಆರು ವರ್ಷ. ಟಾಮ್ ಮತ್ತು ಜೆರ್ರಿ ನೋಡುವಾಗ ಇಲಿ ಗೆದ್ದರೆ ಚಪ್ಪಾಳೆ ತಟ್ಟುತ್ತಾಳೆ. ಕಳೆದ ಭಾನುವಾರ ಬೆಕ್ಕಿನ ತಲೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಬಿದ್ದಾಗ ನಾನು ಅಭ್ಯಾಸಬಲದಿಂದ "ಪಾಪ" ಎಂದುಬಿಟ್ಟೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಕೋಪಕ್ಕಿಂತ ಅನುಮಾನವೇ ಹೆಚ್ಚಿತ್ತು. ಹುಬ್ಬಳ್ಳಿಯ ಈ ಬಾಡಿಗೆ ಮನೆಯಲ್ಲಿ ಟಾಮ್‌ನ ಪಕ್ಷ ವಹಿಸುವವನು ನಾನೊಬ್ಬನೇ. ಅದಕ್ಕೆ ಕಾರಣ ನಮ್ಮ ಆಯಿ, ಅಪ್ಪನ ತಾಯಿ.

ನಾನು ಸಿನಿಮಾ ಬಲ್ಲವನಲ್ಲ. ಕ್ಯಾಮೆರಾ ಎಲ್ಲಿಟ್ಟರು, ಬೆಳಕು ಹೇಗೆ ಬಿಟ್ಟರು ಎಂದು ಕೇಳಿದರೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಅಪ್ಸರಾ, ಸುಧಾ ಚಿತ್ರಮಂದಿರಗಳ ಕತ್ತಲೆಯಲ್ಲಿ ನಿದ್ದೆ ಹೋದದ್ದೂ ಉಂಟು. ಆದರೂ ಇಷ್ಟದ ಸಿನಿಮಾ ಯಾವುದು, ಇಷ್ಟದ ಕಾರ್ಟೂನ್ ಯಾವುದು ಎಂದು ಗೆಳೆಯರೆಲ್ಲ ಬರೆಯುತ್ತಿರುವಾಗ ನನಗೂ ಕೈ ತುರಿಸುತ್ತಿದೆ.

ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಮನೆಯಲ್ಲಿ ಪಡಸಾಲೆಯ ಅರ್ಧ ಮಗ್ಗದ್ದು. ಅಪ್ಪ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಆಯಿ ಗೋಡೆಗೆ ಒರಗಿ ರಾಟೆ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದಳು. ಉಳಿದ ಅರ್ಧದಲ್ಲಿ ಟಿವಿ, ನಾವು ಮೂವರು ಮಕ್ಕಳು. ಮೊದಲು ಇದ್ದದ್ದು ದೂರದರ್ಶನ ಮಾತ್ರ. ಭಾನುವಾರ ಬೆಳಿಗ್ಗೆ ಬರುತ್ತಿದ್ದ ಮೋಗ್ಲಿಯ ಕಾರ್ಟೂನ್ ಜಪಾನಿನಲ್ಲಿ ತಯಾರಾದದ್ದು, ಮಾತೆಲ್ಲ ಹಿಂದಿ. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಕಟ್ಟಿದ ಆ ಶೀರ್ಷಿಕೆ ಗೀತೆಯನ್ನು ಓಣಿಯ ಹುಡುಗರೆಲ್ಲ ಗಂಟಲು ಹರಿಯುವಂತೆ ಹಾಡುತ್ತಿದ್ದೆವು. ಅದರಲ್ಲಿ ನಮಗೆ ಅರ್ಥವಾಗುತ್ತಿದ್ದ ಪದ ಒಂದೇ, ಚಡ್ಡಿ. ಅಷ್ಟು ಸಾಕಾಗಿತ್ತು.

ಆಮೇಲೆ ಕೇಬಲ್ ಬಂತು, ಅದರೊಂದಿಗೆ ಕಾರ್ಟೂನ್ ನೆಟ್‌ವರ್ಕ್. ಹಗಲಿಡೀ ಕಾರ್ಟೂನು, ಸಂಜೆಯಾದ ಮೇಲೆ ಅದೇ ಚಾನೆಲ್‌ನಲ್ಲಿ ಹಳೆಯ ಇಂಗ್ಲಿಷ್ ಸಿನಿಮಾ. ಶಾಲೆ ಬಿಟ್ಟು ಓಡಿ ಬಂದರೆ ಸ್ವಲ್ಪ ಹೊತ್ತು ದಕ್ಕುತ್ತಿತ್ತು. ಟಾಮ್ ಮತ್ತು ಜೆರ್ರಿಗೆ ಭಾಷೆಯ ಹಂಗಿರಲಿಲ್ಲ. ಹಾಗಾಗಿ ಅದು ಆಯಿಗೂ ದಕ್ಕಿತು. ನಾವು ಜೆರ್ರಿಯ ಜಾಣತನಕ್ಕೆ ನಗುತ್ತಿದ್ದರೆ ಆಕೆ ರಾಟೆ ನಿಲ್ಲಿಸಿ ಇಲಿಗೆ ಶಾಪ ಹಾಕುತ್ತಿದ್ದಳು. ಆಯಿಯ ಮಾತನ್ನು ಇಲ್ಲಿ ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದರ ಖಾರವನ್ನು ಗದಗ ಸೀಮೆಯವರು ತಾವೇ ಬೆರೆಸಿಕೊಳ್ಳಬೇಕು. "ಆ ಬೆಕ್ಕು ತನ್ನ ಕೆಲಸ ತಾನು ಮಾಡುತ್ತಿದೆ. ಕದ್ದು ತಿನ್ನುವ ಇಲಿಗೆ ಯಾಕೆ ನಗುತ್ತೀರಿ?"

ನೇಕಾರರ ಮನೆಯಲ್ಲಿ ಇಲಿ ಎಂದರೆ ಏನೆಂದು ಬೇರೆಯವರಿಗೆ ತಿಳಿಯದು. ನೂಲಿಗೆ ಗಂಜಿ ಹಚ್ಚಿರುತ್ತದೆ, ಆ ವಾಸನೆಗೆ ಇಲಿ ಬರುತ್ತದೆ. ಒಂದು ರಾತ್ರಿ ಹಾಸಿನ, ಅಂದರೆ ಮಗ್ಗಕ್ಕೆ ಬಿಗಿದ ಉದ್ದೆಳೆಗಳ, ನಾಲ್ಕಾರು ಕಡೆ ಕಡಿದು ಹೋದರೆ ಮರುದಿನವಿಡೀ ತುಂಡಾದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕಬೇಕು. ಆ ದಿನದ ಕೂಲಿ ಯಾರೂ ಕೊಡುವುದಿಲ್ಲ. ಆಯಿ ಜೆರ್ರಿಯಲ್ಲಿ ನೋಡುತ್ತಿದ್ದದ್ದು ಆ ಇಲಿಯನ್ನು.

ದೊಡ್ಡವನಾದ ಮೇಲೆ ಮೊಬೈಲ್‌ನಲ್ಲಿ ಆ ಜೋಡಿಯ ಮೊಟ್ಟಮೊದಲ ಚಿತ್ರವನ್ನು ನೋಡಿದೆ. 1940ರದ್ದು. ಅದರಲ್ಲಿ ಬೆಕ್ಕಿನ ಹೆಸರು ಟಾಮ್ ಅಲ್ಲ, ಜಾಸ್ಪರ್. ಇನ್ನೊಂದು ಸಾಮಾನು ಒಡೆದರೆ ಮನೆಯಿಂದ ಹೊರಗೆ ಹಾಕುತ್ತೇನೆಂದು ಮನೆಯಾಕೆ ಬೆಕ್ಕಿಗೆ ಗದರುತ್ತಾಳೆ. ಅದನ್ನು ಕೇಳಿಸಿಕೊಂಡ ಇಲಿ ಬೇಕೆಂದೇ ಗಾಜಿನ ಲೋಟಗಳನ್ನು ಬೀಳಿಸಲು ನೋಡುತ್ತದೆ, ಬೆಕ್ಕು ಜೀವ ಕೈಯಲ್ಲಿ ಹಿಡಿದು ಅವುಗಳನ್ನು ಹಿಡಿಯುತ್ತದೆ. ಕೊನೆಗೆ ಹೊರಗೆ ಬೀಳುವುದು ಬೆಕ್ಕೇ. ಈ ಕಥೆಯನ್ನು ಆಯಿ ನೋಡಿರಲಿಲ್ಲ, ಆದರೂ ತೀರ್ಪು ಮೊದಲೇ ಕೊಟ್ಟಿದ್ದಳು. ಈ ಜೋಡಿಯನ್ನು ಹುಟ್ಟಿಸಿದ ಹಾನ್ನಾ ಮತ್ತು ಬಾರ್ಬೆರಾ ಸೇರಿ 1958ರವರೆಗೆ ಇಂಥ 114 ಕಿರುಚಿತ್ರಗಳನ್ನು ಮಾಡಿದರು, 7 ಆಸ್ಕರ್ ಬಂದವು. ಬೆಕ್ಕಿಗೆ ಸಿಕ್ಕಿದ್ದು ಪೆಟ್ಟು.

ಮನೆಯಾಕೆಯ ಬಗ್ಗೆಯೂ ಆಯಿಗೆ ತಕರಾರಿತ್ತು. ಆ ಹಳೆಯ ಚಿತ್ರಗಳಲ್ಲಿ ಆಕೆಯ ಕಾಲು, ಚಪ್ಪಲಿ, ಪೊರಕೆ ಕಾಣುತ್ತವೆ, ಮುಖ ಕಾಣುವುದೇ ಅಪರೂಪ. "ಕಸ ಗುಡಿಸುವವಳಿಗೆ ಮುಖವಿಲ್ಲವೇ?" ಎಂದು ಕೇಳಿದ್ದಳು. ನಮಗೆ ಆಗ ಅದು ತಮಾಷೆ. ಕಪ್ಪು ಜನಾಂಗದ ಕೆಲಸದ ಹೆಂಗಸರನ್ನು ಹಾಲಿವುಡ್ ಒಂದೇ ಅಚ್ಚಿನಲ್ಲಿ ಒತ್ತುತ್ತಿದ್ದ ಕಾಲದ ಪಾತ್ರವದು, ಅದಕ್ಕೆ ಅಮೆರಿಕದಲ್ಲೇ ಆಕ್ಷೇಪ ಎದ್ದಿತ್ತು ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಆಯಿಗೆ ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತಿತ್ತು.

ಈಗ ಸಿನಿಮಾಕ್ಕೆ ಬರುತ್ತೇನೆ. 1972ರ ಬಂಗಾರದ ಮನುಷ್ಯ ನಮ್ಮ ಮನೆಯಲ್ಲಿ ದೇವರ ಸಮಾನ. ಟಿವಿಯಲ್ಲಿ ಬಂದರೆ ಅಪ್ಪ ಮಗ್ಗ ನಿಲ್ಲಿಸುತ್ತಿದ್ದ. ಎಲ್ಲರೂ ಅದನ್ನು ಕೃಷಿಯ ಸಿನಿಮಾ ಎನ್ನುತ್ತಾರೆ, ಪಟ್ಟಣದ ಹುಡುಗರು ಅದನ್ನು ನೋಡಿ ಹೊಲಕ್ಕೆ ಮರಳಿದರಂತೆ ಎನ್ನುತ್ತಾರೆ. ನನಗೆ ಕಾಣುವುದು ಆಯಿ ಕಂಡ ಸಿನಿಮಾ. ಅಕ್ಕನ ಸಂಸಾರವನ್ನು ಬೆವರು ಸುರಿಸಿ ಎತ್ತಿ ನಿಲ್ಲಿಸಿದ ರಾಜೀವ, ತಾನೇ ಓದಿಸಿದ ಅಳಿಯನಿಂದ ಮಾತು ಕೇಳಿಸಿಕೊಂಡು ಒಂಟಿಯಾಗಿ ಊರು ಬಿಟ್ಟು ನಡೆಯುತ್ತಾನೆ. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡಿದಿರಾ, ದುಡಿದವನೇ ಹೊರಗೆ" ಎನ್ನುತ್ತಿದ್ದಳು. ಆ ಅಳಿಯನ ಪಾತ್ರ ಮಾಡಿದ ವಜ್ರಮುನಿ ಆಮೇಲೆ ಯಾವ ಒಳ್ಳೆಯ ಪಾತ್ರ ಮಾಡಿದರೂ ಆಕೆ ಕ್ಷಮಿಸಲಿಲ್ಲ.

ಮುಂಗಾರು ಮಳೆಯನ್ನು ನಾನು ಕಾಲೇಜಿನ ಗೆಳೆಯರೊಂದಿಗೆ ಮೂರು ಸಲ ನೋಡಿದೆ. 2006ರ ಕೊನೆಗೆ ಬಂದು ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಓಡಿದ ಸಿನಿಮಾ. ಮುಂದೆ ಅದು ಟಿವಿಯಲ್ಲಿ ಬಂದಾಗ ಆಯಿ ಮೊದಲ ಅರ್ಧಗಂಟೆಯಲ್ಲೇ ಕೇಳಿದಳು, "ಈ ಹುಡುಗ ಏನು ಕೆಲಸ ಮಾಡುತ್ತಾನೆ?" ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಆ ಸಿನಿಮಾದಲ್ಲಿ ಜಯಂತ ಕಾಯ್ಕಿಣಿಯವರ ಹಾಡು, ಜೋಗದ ನೀರು, ದೇವದಾಸ ಎಂಬ ಮೊಲ, ಇಷ್ಟೇ ನನಗೆ ಉಳಿದವು. ಬೈಯುವವರು ಬೈಯಿರಿ.

ಗದಗಿನವನಾಗಿ ಪಂಚಾಕ್ಷರಿ ಗವಾಯಿಗಳ ಮೇಲಿನ 1995ರ ಚಿತ್ರದ ಬಗ್ಗೆ ಹೇಳದಿದ್ದರೆ ಊರಿಗೆ ಕಾಲಿಡಲಾರೆ. ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಅದು ರಾಷ್ಟ್ರಪ್ರಶಸ್ತಿ ತಂದಿತು. ಸಿನಿಮಾ ಅಲ್ಲಲ್ಲಿ ನಾಟಕದಂತಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅಪ್ಪ ನನ್ನನ್ನು ಸೈಕಲ್ ಮೇಲೆ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದೊಯ್ಯುತ್ತಿದ್ದ. ಕಣ್ಣು ಕಾಣದ ಹುಡುಗರು ಹಾರ್ಮೋನಿಯಂ ಮುಂದೆ ಕುಳಿತು ಒಂದೇ ಆಲಾಪವನ್ನು ಹತ್ತು ಸಲ ತಿದ್ದಿಕೊಳ್ಳುವುದನ್ನು ಹೊರಗೆ ನಿಂತು ಕೇಳುತ್ತಿದ್ದೆವು. ಆ ದುಡಿಮೆ ತೆರೆಯ ಮೇಲೆ ಕಂಡಾಗ ನನಗೆ ಮೈ ಜುಮ್ಮೆಂದಿತ್ತು. ಟಾಮ್ ಕಪ್ಪು ಕೋಟು ತೊಟ್ಟು ಪಿಯಾನೋ ನುಡಿಸುವ ಕಂತೊಂದಿದೆ, ಅದಕ್ಕೂ ಆಸ್ಕರ್ ಬಂದಿದೆ. ಪಿಯಾನೋದೊಳಗೆ ಮಲಗಿದ್ದ ಜೆರ್ರಿ ಎದ್ದು ಬಂದು ಕಾಟ ಕೊಡುತ್ತದೆ, ಟಾಮ್ ನುಡಿಸುತ್ತಲೇ ಇರುತ್ತಾನೆ. ಕಡೆಗೆ ಅವನು ಸುಸ್ತಾಗಿ ಕುಸಿದಾಗ ಚಪ್ಪಾಳೆಗೆ ಬಾಗುವುದು ಇಲಿ. ಅದನ್ನು ನೋಡಿ ಅಪ್ಪನೂ ಬೆಕ್ಕಿನ ಕಡೆ ಸೇರಿಕೊಂಡ.

ಇನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿರುವುದು ಸಂತ ಶಿಶುನಾಳ ಶರೀಫ. ನಾಗಾಭರಣರು 1990ರಲ್ಲಿ ಮಾಡಿದ್ದು, ಶರೀಫನಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ. ಶಿಶುನಾಳ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಊರು, ಹಾಗಾಗಿ ತೆರೆಯ ಮೇಲೆ ನೆಂಟರನ್ನು ಕಂಡಂತಾಯಿತು. ನಮ್ಮ ಕಡೆಯ ಮಾತಾಡುವವರನ್ನು ನಗಿಸಲಿಕ್ಕೆಂದೇ ಸಿನಿಮಾಕ್ಕೆ ಕರೆತರುವ ಪದ್ಧತಿ ನೋಡಿ ಬೇಸತ್ತವರಿಗೆ ಆ ಚಿತ್ರದ ಬೆಲೆ ಗೊತ್ತು. ಸಿ. ಅಶ್ವತ್ಥರ ದನಿಯಲ್ಲಿ ಶರೀಫರ ಕೋಡಗನ ಕೋಳಿ ನುಂಗಿತ್ತ ಪದವನ್ನು ಮತ್ತೆ ಮತ್ತೆ ಕೇಳಿದಾಗ ನನಗೆ ಅನ್ನಿಸಿದ್ದು, ಕಾರ್ಟೂನು ಇಲ್ಲೇ ಇತ್ತಲ್ಲ ಎಂದು. ಅಲ್ಲಿ ಸಣ್ಣದು ದೊಡ್ಡದನ್ನು ನುಂಗುತ್ತದೆ. ಕೋಳಿ ಕೋಡಗನನ್ನು, ಅಂದರೆ ಕೋತಿಯನ್ನು, ಆಡು ಆನೆಯನ್ನು, ಲಾಳಿ ಮಗ್ಗವನ್ನು. ಮಗ್ಗದಲ್ಲಿ ಕುಳಿತ ಅಣ್ಣನನ್ನು ಕುಣಿಯೇ ನುಂಗುತ್ತದೆ. ಅದರ ಅಧ್ಯಾತ್ಮವನ್ನು ಬಲ್ಲವರು ಹೇಳಲಿ. ಅಪ್ಪ ಮಾತ್ರ ಆ ಸಾಲು ಬಂದಾಗ ಕುಣಿಯೊಳಗಿನ ತನ್ನ ಕಾಲು ನೋಡಿಕೊಂಡು ನಗುತ್ತಿದ್ದ.

ಆಯಿ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅಪ್ಪನ ಮೊಣಕಾಲು ಸೋತ ಮೇಲೆ ಮಗ್ಗವೂ ಬಿಚ್ಚಿತು, ಕುಣಿಯನ್ನು ಮುಚ್ಚಿ ಮೇಲೆ ಹಾಸುಗಲ್ಲು ಹಾಕಿಸಿದೆವು. ಈ ದೀಪಾವಳಿಗೆ ಬೆಟಗೇರಿಗೆ ಹೋದಾಗ ಮಗಳಿಗೆ ತೋರಿಸೋಣವೆಂದು ಅಟ್ಟದಿಂದ ಆಯಿಯ ರಾಟೆ ಇಳಿಸಿದೆ. ಚಕ್ರಕ್ಕೆ ಸುತ್ತಿದ್ದ ದಾರವನ್ನು ಇಲಿ ಕಡಿದು ಹಾಕಿತ್ತು.

"ಜೆರ್ರಿ ಬಂದಿತ್ತು!" ಎಂದು ಮಗಳು ಕುಣಿದಳು. ಅವ್ವ ಮಾತಾಡದೆ ಒಳಗೆ ಹೋಗಿ, ಇಲಿಬೋನು ಎಲ್ಲಿಟ್ಟಿದ್ದಾರೆಂದು ಹುಡುಕತೊಡಗಿದಳು.