‘ಸೊಲಾರಿಸ್’ ಓದುವವರು ಗ್ರಂಥಾಲಯದ ಪುಟಗಳನ್ನು ದಾಟಿ ಹೋಗಬಾರದು

ಪೋಲಿಷ್ ಲೇಖಕ ಸ್ಟಾನಿಸ್ಲಾವ್ ಲೆಮ್ ಅವರ ‘ಸೊಲಾರಿಸ್’ (1961) ಕಾದಂಬರಿಯನ್ನು ಅರ್ಧಕ್ಕೆ ಕೈಬಿಟ್ಟವರ ದೂರು ಹೆಚ್ಚಾಗಿ ಒಂದೇ ಆಗಿರುತ್ತದೆ. ಕಥೆಯ ಬಿಗಿ ಏರುತ್ತಿರುವಾಗಲೇ ನಾಯಕ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಹಿಡಿದು ಕೂರುತ್ತಾನೆ, ಲೇಖಕರು ಆ ಪುಸ್ತಕಗಳಲ್ಲಿ ಏನಿದೆ ಎಂಬುದನ್ನು ಪುಟಗಟ್ಟಲೆ ವಿವರಿಸುತ್ತಾರೆ. ದೂರಿನಲ್ಲಿ ಹುರುಳಿದೆ, ಆ ಪುಟಗಳು ನಿಜಕ್ಕೂ ಕಠಿಣ. ಆದರೂ ಅವನ್ನು ಬಿಟ್ಟು ಓದಿದವರಿಗೆ ಈ ಕಾದಂಬರಿಯ ಮನಶ್ಶಾಸ್ತ್ರ ಅರ್ಧದಷ್ಟೂ ದಕ್ಕುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಎರಡು ಸೂರ್ಯರ ಸುತ್ತ ತಿರುಗುವ ಸೊಲಾರಿಸ್ ಗ್ರಹವನ್ನು ಆವರಿಸಿರುವ ಸಾಗರವೇ ಒಂದು ಜೀವಿ. ಅದರ ಮೇಲೆ ತೇಲುವ ಸಂಶೋಧನಾ ನಿಲ್ದಾಣಕ್ಕೆ ಮನಶ್ಶಾಸ್ತ್ರಜ್ಞ ಕ್ರಿಸ್ ಕೆಲ್ವಿನ್ ಬಂದಿಳಿಯುತ್ತಾನೆ. ಅಲ್ಲಿ ಇರಲು ಸಾಧ್ಯವೇ ಇಲ್ಲದ ಮನುಷ್ಯರು ಕಾಣಿಸಿಕೊಂಡಾಗ, ತನಗೆ ಹುಚ್ಚು ಹಿಡಿದಿದೆಯೇ ಎಂದು ತಿಳಿಯಲು ಅವನು ಹೂಡುವ ಉಪಾಯ ನನಗೆ ಬಹಳ ಮುಖ್ಯವೆನಿಸುತ್ತದೆ. ಹುಚ್ಚು ಹಿಡಿದ ಮಿದುಳು ಯಾವ ಸಾಕ್ಷಿಯನ್ನಾದರೂ ತಾನೇ ಸೃಷ್ಟಿಸಿಕೊಳ್ಳಬಲ್ಲದು. ಆದ್ದರಿಂದ ಮಿದುಳಿನ ಶಕ್ತಿಗೆ ಮೀರಿದ ಲೆಕ್ಕವೊಂದು ಬೇಕು. ಗ್ರಹವನ್ನು ಸುತ್ತುವ ಉಪಗ್ರಹದಿಂದ ಅಂಕಿಗಳನ್ನು ತರಿಸಿಕೊಂಡು, ಅವನ್ನು ನೋಡದೆ ಬದಿಗಿಟ್ಟು, ಅದೇ ಲೆಕ್ಕವನ್ನು ನಿಲ್ದಾಣದ ಗಣಕಯಂತ್ರದಲ್ಲಿ ಬೇರೆಯಾಗಿ ಮಾಡಿ ಹೋಲಿಸುತ್ತಾನೆ. ಅಂಕಿಗಳು ತಾಳೆಯಾಗುತ್ತವೆ. ಬುದ್ಧಿ ಸ್ವಸ್ಥವಾಗಿದೆ ಎಂಬ ಈ ಪುರಾವೆ ಅವನಿಗೆ ನೆಮ್ಮದಿ ಕೊಡುವುದಿಲ್ಲ, ಏಕೆಂದರೆ ಕಂಡದ್ದೆಲ್ಲ ನಿಜವೆಂದು ಇನ್ನು ಒಪ್ಪಿಕೊಳ್ಳಲೇಬೇಕು.

ಆಮೇಲೆ ರೇಯಾ ಬರುತ್ತಾಳೆ. ವರ್ಷಗಳ ಹಿಂದೆ, ಅವನು ಜಗಳವಾಡಿ ಹೊರಟುಹೋದ ಮೇಲೆ, ಆತ್ಮಹತ್ಯೆ ಮಾಡಿಕೊಂಡ ಹೆಂಡತಿ. ಅವಳ ಉಡುಪಿನಲ್ಲಿ ಗುಂಡಿಗಳಿವೆ, ಆದರೆ ಬಿಚ್ಚಲು ಎಲ್ಲಿಯೂ ತೆರಪಿಲ್ಲ, ಕತ್ತರಿಸಿಯೇ ತೆಗೆಯಬೇಕು. ಅವನ ನೆನಪಿನಲ್ಲಿ ಆ ಉಡುಪಿನ ಚಿತ್ರ ಮಾತ್ರ ಉಳಿದಿತ್ತೆಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಅವನು ಅವಳನ್ನು ರಾಕೆಟ್ಟಿನಲ್ಲಿ ಕೂಡಿಹಾಕಿ ಆಕಾಶಕ್ಕೆ ಕಳುಹಿಸಿಬಿಡುತ್ತಾನೆ. ಮತ್ತೊಬ್ಬ ರೇಯಾ ಬರುತ್ತಾಳೆ, ಕೋಣೆಯಲ್ಲಿ ಒಂದೇ ತೆರನಾದ ಎರಡು ಉಡುಪುಗಳು ಬಿದ್ದಿರುತ್ತವೆ. ಅಪರಾಧಿ ಪ್ರಜ್ಞೆಯ ಬಗ್ಗೆ ಒಂದೇ ಒಂದು ವಾಕ್ಯ ಬರೆಯದೆ ಅದನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಪುಟವನ್ನು ನಾನು ಬೇರೆಲ್ಲೂ ಓದಿಲ್ಲ.

ಈಗ ಗ್ರಂಥಾಲಯಕ್ಕೆ ಬರೋಣ. ಸಾಗರವನ್ನು ಕುರಿತ ಶಾಸ್ತ್ರವೊಂದು ಅಲ್ಲಿ ತಲೆಮಾರುಗಳಿಂದ ಬೆಳೆದಿದೆ. ಸಾಗರ ಎಬ್ಬಿಸುವ ಬೃಹತ್ ಆಕೃತಿಗಳಿಗೆ ಮಿಮಾಯ್ಡ್, ಸಿಮೆಟ್ರಿಯಾಡ್ ಎಂದೆಲ್ಲ ಹೆಸರಿಟ್ಟು, ಅವು ಹುಟ್ಟಿ ಅಳಿಯುವ ಬಗೆಯನ್ನು ವಿದ್ವಾಂಸರು ಎಚ್ಚರದಿಂದ ದಾಖಲಿಸಿದ್ದಾರೆ. ಒಂದು ದುರಂತದಲ್ಲಿ 106 ಜನ ಪ್ರಾಣ ಕಳೆದುಕೊಂಡಿದ್ದಾರೆ. ವರ್ಣನೆ ಬೆಟ್ಟದಷ್ಟಿದೆ, ಅವು ಏಕೆ ಹುಟ್ಟುತ್ತವೆ ಎಂಬುದಕ್ಕೆ ಮಾತ್ರ ಉತ್ತರವಿಲ್ಲ. ಕೆಲ್ವಿನ್ ತನ್ನ ಹೆಂಡತಿಯನ್ನು ಬಲ್ಲದ್ದೂ ಹೀಗೆಯೇ ಅಲ್ಲವೇ? ಅವಳ ಮಾತು, ನಡೆ, ಮುಖಭಾವ ಎಲ್ಲವೂ ಅವನಿಗೆ ಗೊತ್ತು; ಅವಳ ಮನಸ್ಸು ಗೊತ್ತಿರಲಿಲ್ಲ. ಅವನ ನೆನಪಿನಿಂದಲೇ ರೂಪುಗೊಂಡ ಹೊಸ ರೇಯಾ ಮೆಲ್ಲಗೆ ಆ ನೆನಪನ್ನು ಮೀರಿ ಬೆಳೆಯುತ್ತಾಳೆ, ತಾನು ಯಾರೆಂದು ತಾನೇ ಕಂಡುಕೊಳ್ಳುತ್ತಾಳೆ, ದ್ರವ ಆಮ್ಲಜನಕ ಕುಡಿದು ಸಾಯಲು ನೋಡುತ್ತಾಳೆ, ಸಾಯಲಾರದೆ ಮತ್ತೆ ಎಚ್ಚರಗೊಳ್ಳುತ್ತಾಳೆ. ಶಾಸ್ತ್ರಜ್ಞರಿಗೆ ಸಾಗರ ನಿಲುಕದ ಹಾಗೆಯೇ ಅವಳು ಅವನಿಗೆ ನಿಲುಕುವುದಿಲ್ಲ. ಈ ಸಾಮ್ಯವನ್ನು ಲೆಮ್ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಆ ಒಣ ಪುಟಗಳನ್ನು ಓದಿದವರಿಗಷ್ಟೇ ಅದು ಕಾಣುತ್ತದೆ.

ತಾರ್ಕೋವ್‌ಸ್ಕಿ 1972ರಲ್ಲಿ, ಸೋಡರ್‌ಬರ್ಗ್ 2002ರಲ್ಲಿ ಇದನ್ನು ಸಿನಿಮಾ ಮಾಡಿದರು. ಎರಡರಲ್ಲೂ ಗಂಡ ಹೆಂಡಿರ ಕಥೆಗೇ ಒತ್ತು, ಲೆಮ್ ಅವರಿಗೆ ಎರಡೂ ಒಪ್ಪಿಗೆಯಾಗಲಿಲ್ಲ. ಸಿನಿಮಾ ನೋಡಿದ್ದೇವೆ, ಸಾಕು ಎನ್ನುವವರು ದಯವಿಟ್ಟು ಪುಸ್ತಕವನ್ನೂ ಓದಬೇಕು.

ಸಾಗರದ ಉದ್ದೇಶವೇನೆಂದು ಕೊನೆಗೂ ತಿಳಿಯುವುದಿಲ್ಲ, ಇದು ಅನೇಕರಿಗೆ ಮೋಸವೆನಿಸಿದೆ. ಆದರೆ ಅಷ್ಟು ತಲೆಮಾರುಗಳ ಸೋತ ಊಹೆಗಳನ್ನು ತಾಳ್ಮೆಯಿಂದ ಓದಿಕೊಂಡು ಬಂದವರಿಗೆ, ರೇಯಾ ಇಲ್ಲವಾದ ಮೇಲೂ ಕೆಲ್ವಿನ್ ಭೂಮಿಗೆ ಮರಳದೆ ಅಲ್ಲೇ ಉಳಿಯಲು ನಿರ್ಧರಿಸುವುದು ಹುಚ್ಚಾಗಿಯೂ ಕಾಣುವುದಿಲ್ಲ, ತ್ಯಾಗವಾಗಿಯೂ ಕಾಣುವುದಿಲ್ಲ. ತಾನು ಓದಿದ ಆ ವಿದ್ವಾಂಸರ ಸಾಲಿನಲ್ಲಿ ಅವನೂ ಒಬ್ಬನಾಗಿ ಸೇರಿಕೊಂಡದ್ದು ಕಾಣುತ್ತದೆ.