ಮೊನೊರೈಲ್ ಸಂಘದವರು ಒಮ್ಮೆ ಮೈಸೂರು ಕಾಲೊನಿಗೆ ಬರಲಿ

ಮುಂಬೈಯ ಚೆಂಬೂರಿನಲ್ಲಿ ಮೈಸೂರು ಕಾಲೊನಿ ಅಂತ ಒಂದು ಮೊನೊರೈಲ್ ಸ್ಟೇಷನ್ ಇದೆ. ಊರು ಬಿಟ್ಟು ಬಂದ ನನ್ನಂಥವರಿಗೆ ಆ ಬೋರ್ಡು ಕಂಡರೇ ಒಂಥರಾ ಹಿತ. 2014ರ ಫೆಬ್ರವರಿಯಲ್ಲಿ ವಡಾಲಾ–ಚೆಂಬೂರು ಮೊನೊರೈಲ್ ಶುರುವಾದಾಗ ಮಗಳನ್ನು ಕರಕೊಂಡು ಹತ್ತಿದ್ದೆ. ಕಿಟಕಿಗೆ ಮೂಗು ಒತ್ತಿ ಕೂತವಳು, "ಅಪ್ಪಾ, ಕೆಳಗೆ ಹಳಿನೇ ಇಲ್ಲ!" ಅಂದಳು. ನಿಜ, ಹಳಿ ಇಲ್ಲ. ಒಂದೇ ಒಂದು ಕಾಂಕ್ರೀಟ್ ತೊಲೆ, ಅದನ್ನು ಎರಡೂ ಪಕ್ಕದಿಂದ ಅವಚಿಕೊಂಡ ರಬ್ಬರ್ ಚಕ್ರಗಳು.

ಮೊನೊರೈಲ್ ಉದ್ದಿಮೆಯ ಸಂಘಗಳು ನಗರಗಳ ಮುಂದೆ ಇಡುವ ವಾದ ನಿಮಗೂ ಗೊತ್ತಿರಬಹುದು. ಜಾಗ ಕಡಿಮೆ ಸಾಕು, ರಸ್ತೆಗೆ ಕತ್ತಲು ಕವಿಯುವುದಿಲ್ಲ, ಇಕ್ಕಟ್ಟಿನ ತಿರುವು, ಏರು ಎಲ್ಲ ಹತ್ತುತ್ತದೆ. ಇದರಲ್ಲಿ ಸುಳ್ಳಿಲ್ಲ. ಜರ್ಮನಿಯ ವುಪ್ಪರ್ಟಾಲ್‌ನಲ್ಲಿ 1901ರಿಂದ ನದಿಯ ಮೇಲೆ ತೂಗುವ ರೈಲು ಜನರನ್ನು ಕೆಲಸಕ್ಕೆ ಒಯ್ಯುತ್ತಿದೆ. ಟೋಕಿಯೊದಲ್ಲಿ 1964ರ ಒಲಿಂಪಿಕ್ಸ್‌ಗೆ ಮೊದಲು ಶುರುವಾದದ್ದು ಇನ್ನೂ ಹನೇಡಾ ವಿಮಾನ ನಿಲ್ದಾಣಕ್ಕೆ ಓಡುತ್ತಿದೆ. ಚೀನಾದ ಚೊಂಗ್‌ಚಿಂಗ್ ಪೂರಾ ಗುಡ್ಡದ ಊರು, ಅಲ್ಲಿ ದಿನಕ್ಕೆ ಲಕ್ಷಗಟ್ಟಲೆ ಜನ ಮೊನೊರೈಲನ್ನೇ ನಂಬಿದ್ದಾರೆ. ಇದನ್ನು ಆಟಿಕೆ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ.

ಆದರೆ ನಮ್ಮ ಮುಂಬೈಯ ಕಥೆ ನೋಡಿ. 2017ರ ನವೆಂಬರ್ 9ರ ಬೆಳಗಿನ ಜಾವ ಇದೇ ಮೈಸೂರು ಕಾಲೊನಿ ಸ್ಟೇಷನ್ನಿನಲ್ಲಿ ಖಾಲಿ ರೈಲಿನ ಎರಡು ಬೋಗಿಗಳು ಸುಟ್ಟವು. ಸಂಚಾರ ಮತ್ತೆ ಶುರುವಾಗಲು 2018ರ ಸೆಪ್ಟೆಂಬರ್ ಬರಬೇಕಾಯಿತು. ಆ ಡಿಸೆಂಬರಿನಲ್ಲಿ ಮಲೇಷ್ಯಾದ ತಯಾರಕರೊಂದಿಗಿನ ಗುತ್ತಿಗೆಯೇ ರದ್ದಾಯಿತು. 2025ರ ಆಗಸ್ಟ್ 19ರ ಮಳೆಗೆ ಹಾರ್ಬರ್ ಲೈನಿನ ಲೋಕಲ್ ರೈಲು ನಿಂತು, ಜನರೆಲ್ಲ ಮೊನೊರೈಲಿಗೆ ನುಗ್ಗಿದರು. 104 ಟನ್ ಹೊರುವ ರೈಲಿನ ಮೇಲೆ 109 ಟನ್ ಭಾರ. ವಾಲಿಕೊಂಡು ವಿದ್ಯುತ್ ಸಂಪರ್ಕ ತಪ್ಪಿ ನಿಂತೇಬಿಟ್ಟಿತು. ದೀಪ ಇಲ್ಲ, ಎಸಿ ಇಲ್ಲ. ಇಳಿದು ನಡೆಯೋಣ ಅಂದರೆ ಪಕ್ಕದಲ್ಲಿ ಕಾಲಿಡಲು ಒಂದು ಹಲಗೆಯೂ ಇಲ್ಲ. 580ಕ್ಕೂ ಹೆಚ್ಚು ಜನರನ್ನು ಅಗ್ನಿಶಾಮಕ ದಳದವರು ಏಣಿಗಾಡಿ ತಂದು ಇಳಿಸಬೇಕಾಯಿತು. ಮುಂದಿನ ತಿಂಗಳು 20ರಿಂದ ಇಡೀ ಮಾರ್ಗವನ್ನು ರಿಪೇರಿಗೆಂದು ನಿಲ್ಲಿಸಿದರು.

ಮೊನೊರೈಲಿನ ನಿಜವಾದ ತೊಡಕು ಇರುವುದು ಇಲ್ಲಿ: ತೊಲೆ ಒಬ್ಬೊಬ್ಬ ತಯಾರಕನದು ಒಂದೊಂದು ಅಳತೆ. ಜಪಾನಿನಲ್ಲಿ ಹೆಚ್ಚಾಗಿ 850 ಮಿಲಿಮೀಟರ್ ಅಗಲ, ಬ್ರೆಜಿಲ್‌ನ ಸಾವೊ ಪೌಲೊದಲ್ಲಿ 690. ಒಂದರ ಬೋಗಿ ಇನ್ನೊಂದರ ಮೇಲೆ ಕೂರುವುದಿಲ್ಲ. ಮಾಮೂಲಿ ರೈಲಾದರೆ ಬೇರೆ ಕಂಪನಿಯಿಂದ ಬೋಗಿ ತರಿಸಿ ಓಡಿಸಬಹುದು. ಇಲ್ಲಿ ತಯಾರಕ ಹೊರಟುಹೋದರೆ ಬಿಡಿಭಾಗಕ್ಕೂ ಪರದಾಟ, ಹೊಸ ರೈಲನ್ನು ಹಳೇ ತೊಲೆಗೆ ಹೊಂದಿಸಿ ಮೊದಲಿಂದ ಮಾಡಿಸಬೇಕು.

ಇದಕ್ಕೆ ದಾರಿ ತೋರಿಸಿದ್ದೂ ಒಂದು ಸಂಘವೇ. 1960ರ ದಶಕದಲ್ಲಿ ಜಪಾನ್ ಮೊನೊರೈಲ್ ಸಂಘ, ಸರಕಾರದ ಸಾರಿಗೆ ಸಚಿವಾಲಯದ ಜೊತೆ ಕೂತು, ನಗರ ಸಾರಿಗೆಗೆ ತಕ್ಕ ಒಂದು ಮಾದರಿಯನ್ನು ಗೊತ್ತುಮಾಡಿತು. ಮುಂದೆ ಕಿತಾಕ್ಯೂಷು, ಒಸಾಕಾ, ತಾಮಾ, ಒಕಿನಾವಾ ಎಲ್ಲ ಅದೇ ಜಾಡಿನಲ್ಲಿ ನಡೆದವು. ಚೊಂಗ್‌ಚಿಂಗ್‌ಗೂ ಹೋದದ್ದು ಆ ತಂತ್ರಜ್ಞಾನವೇ. ಮೊನೊರೈಲ್ ಪರ ನಿಂತವರು ಮಾಡಬೇಕಾದ ಕೆಲಸ ಅಂದರೆ ಇದು. ಬಣ್ಣದ ಚಿತ್ರ ತೋರಿಸುವುದು ಆಮೇಲೆ.

ಹಾಗಾಗಿ ಈ ಸಂಘಗಳಿಗೆ ನನ್ನ ವಿನಂತಿ. ಭಾರತದ ಯಾವ ಊರಿಗಾದರೂ ನಿಮ್ಮ ರೈಲು ತನ್ನಿ ಅಂತ ಹೇಳುವ ಮೊದಲು ಈ ಮಾರ್ಗದುದ್ದಕ್ಕೂ ನಡೆದು ಬನ್ನಿ. ತೊಲೆಯ ಪಕ್ಕದಲ್ಲಿ ತುರ್ತು ಕಾಲುದಾರಿ ಇಲ್ಲದ ಮಾರ್ಗಕ್ಕೆ ನಮ್ಮ ಒಪ್ಪಿಗೆ ಇಲ್ಲ ಅಂತ ಬರೆದು ಕೊಡಿ. ಇಬ್ಬರು ತಯಾರಕರ ರೈಲಾದರೂ ಒಂದೇ ತೊಲೆಯ ಮೇಲೆ ಓಡುವಂತೆ ಅಳತೆ ಗೊತ್ತುಮಾಡಿ. ಅಷ್ಟಾದ ದಿನ ನಿಮ್ಮ ಪರವಾಗಿ ಮಾತಾಡಲು ನಾನೇ ಬರುತ್ತೇನೆ, ಮಗಳನ್ನೂ ಕರೆತರುತ್ತೇನೆ.