ನೋಡಿದರೆ ಖರ್ಚಾಗುತ್ತದೆ

ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂತು ಹೋದ ದೂರ, ವೇಗ, ದಾರಿ ಎಲ್ಲ ಲೆಕ್ಕ ಇಡುವ ಜಿಪಿಎಸ್ ಕಂಪ್ಯೂಟರ್ ಒಂದನ್ನು ಹೋದ ವರ್ಷ ತಗೊಂಡೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಬೆಲೆ ಎಷ್ಟೆಂದು ಮನೆಯಲ್ಲಿ ಇನ್ನೂ ಹೇಳಿಲ್ಲ. ಡಬ್ಬದ ಮೇಲೆ ಬ್ಯಾಟರಿ '15 ಗಂಟೆಯವರೆಗೆ' ಬರುತ್ತದೆ ಎಂದಿತ್ತು. ಈ 'ವರೆಗೆ' ಅನ್ನುವ ಮಾತನ್ನು ನಾನು ಗಮನಿಸಲೇ ಇಲ್ಲ. ಜವಳಿ ಅಂಗಡಿಯ '50% ವರೆಗೆ ರಿಯಾಯಿತಿ' ನೋಡಿ ಒಳಗೆ ಹೋಗಿ ಪೂರ್ತಿ ದುಡ್ಡು ಕೊಟ್ಟು ಬರುವ ಜಾತಿ ನನ್ನದು.

ಮೊದಲ ಸವಾರಿ ಶಿವಮೊಗ್ಗದಿಂದ ತೀರ್ಥಹಳ್ಳಿ ಹತ್ತಿರದ ದೊಡ್ಡಮ್ಮನ ಮನೆಗೆ. 60 ಚಿಲ್ಲರೆ ಕಿಲೋಮೀಟರ್. ಹಿಂದಿನ ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದೆ. ಗಾಳಿ ಮಳೆ ಜೋರಾಗಿತ್ತು, ಕರೆಂಟು ನನಗಿಂತ ಮೊದಲೇ ಮಲಗಿತ್ತು. ಬೆಳಗ್ಗೆ ನೋಡಿದರೆ 41%. 15 ಗಂಟೆಯಲ್ಲಿ 41% ಅಂದರೆ ಆರು ಗಂಟೆ, ಧಾರಾಳವಾಯಿತು ಅಂದುಕೊಂಡೆ. ಲೆಕ್ಕ ಸರಿಯಾಗಿಯೇ ಇತ್ತು. ಯಂತ್ರ ಮಾತ್ರ ಮಂಡಗದ್ದೆಯಲ್ಲಿ ಕಣ್ಣು ಮುಚ್ಚಿತು.

ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಸಂಸಾರ ಹೂಡಿರುತ್ತವೆ. ಜನ ಅದನ್ನು ನೋಡಲಿಕ್ಕೇ ಗಾಡಿ ಮಾಡಿಕೊಂಡು ಬರುತ್ತಾರೆ. ನಾನು ಹಕ್ಕಿಗಳಿಗೆ ಬೆನ್ನು ಹಾಕಿ ಕಪ್ಪು ಪರದೆಯನ್ನು ನೋಡುತ್ತಾ ನಿಂತೆ. ಲೆಕ್ಕಕ್ಕೆ ಸಿಕ್ಕಿದ್ದು ಅರ್ಧ ದಾರಿ ಮಾತ್ರ. ಉಳಿದರ್ಧ ನನ್ನ ಕಾಲಿಗೆ ಗೊತ್ತು. ಆದರೆ ಈಗ ಕಾಲಿನ ಸಾಕ್ಷಿ ಯಾರು ಕೇಳುತ್ತಾರೆ?

ಮನೆಗೆ ಬಂದು ತನಿಖೆ ಶುರು ಮಾಡಿದೆ. ಮೊದಲ ಕಳ್ಳ ಪರದೆಯ ದೀಪ. ಹಗಲಲ್ಲೂ ಅದನ್ನು ಪೂರ್ತಿ ಉರಿಸಿಕೊಂಡು ಹೋಗಿದ್ದೆ. ಈ ಪರದೆಗಳು ಬಿಸಿಲಿನ ಬೆಳಕಲ್ಲೇ ಚೆನ್ನಾಗಿ ಕಾಣುತ್ತವೆ, ದೀಪವೇ ಬೇಡ. ಎರಡನೇ ಕಳ್ಳ ನಕ್ಷೆ. ಬಸ್ಸಿನ ಕಿಟಕಿಯಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದ ಕಾಲದಿಂದಲೂ ನನಗೆ ಗೊತ್ತಿರುವ ರಸ್ತೆಗೆ ಯಂತ್ರದ ಹತ್ತಿರ ದಾರಿ ಕೇಳಿದ್ದೆ. ಚಾ ಕುಡಿಯಲು ಪಕ್ಕಕ್ಕೆ ತಿರುಗಿದರೆ ಸಾಕು, ದಾರಿ ತಪ್ಪಿತು ಎಂದು ಕೂಗಿ ಹೊಸ ದಾರಿ ಲೆಕ್ಕ ಹಾಕುತ್ತಿತ್ತು. ನಾನು ಸಕ್ರೆಬೈಲಿನ ತನಕವೇ ಎರಡು ಚಾ ಕುಡಿದಿದ್ದೆ.

ಮೂರನೆಯದು ಹೇಳಲು ಸಂಕಟ. ಮೊಬೈಲಿನ ಜೊತೆ ಅದನ್ನು ಜೋಡಿಸಿದ್ದೆನಲ್ಲ, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ 'ಶುಭೋದಯ' ಎಲ್ಲ ಹ್ಯಾಂಡಲ್ ಮೇಲೆ ಮೂಡುತ್ತಿತ್ತು. ಭಾವ ಶುಭೋದಯ ಅಂದರೆ ಒಮ್ಮೆ ಕೀಂ, ಅತ್ತಿಗೆ ಅಂದರೆ ಇನ್ನೊಮ್ಮೆ. ನಮ್ಮದು ದೊಡ್ಡ ಕುಟುಂಬ.

ಎಲ್ಲವನ್ನೂ ಆರಿಸುತ್ತಾ ಬಂದೆ. ದೀಪ ಇಲ್ಲ, ನಕ್ಷೆ ಇಲ್ಲ, ಮೊಬೈಲಿನ ಸಹವಾಸ ಇಲ್ಲ. ಎದೆಬಡಿತ ಅಳೆಯುವ ಪಟ್ಟಿ ತಿನ್ನುವ ಬ್ಯಾಟರಿ ತೀರಾ ಕಡಿಮೆ. ಆದರೂ ಜಿಪುಣತನ ಒಂದು ಸಲ ತಲೆಗೆ ಹತ್ತಿದರೆ ಇಳಿಯುತ್ತದೆಯೇ? ಅದನ್ನೂ ಬಿಚ್ಚಿಟ್ಟೆ.

ಉಪಗ್ರಹದ ವಿಷಯದಲ್ಲಿ ಮಾತ್ರ ಪೆಟ್ಟು ತಿಂದೆ. ಇದು ಅಮೆರಿಕದ ಜಿಪಿಎಸ್ ಅಲ್ಲದೆ ಬೇರೆ ದೇಶಗಳ ಉಪಗ್ರಹಗಳನ್ನೂ ಹಿಡಿಯಬಲ್ಲದು. ಹೆಚ್ಚು ಹಿಡಿದಷ್ಟೂ ಜಾಗ ನಿಖರ, ಬ್ಯಾಟರಿ ಖಾಲಿ. ಒಂದೇ ಸಾಕು ಎಂದು ಬರೀ ಜಿಪಿಎಸ್ ಇಟ್ಟೆ. ಆ ಉಪಗ್ರಹಗಳು ಇರುವುದು ಸುಮಾರು 20,200 ಕಿ.ಮೀ. ಮೇಲೆ. ಅಷ್ಟು ದೂರದಿಂದ ಸಲೀಸಾಗಿ ಇಳಿದು ಬಂದ ಸಿಗ್ನಲ್ಲು ನಮ್ಮ ಮಲೆನಾಡಿನ ಮರದ ಕೊನೆಯ 50 ಅಡಿಯಲ್ಲಿ ಒದ್ದೆ ಎಲೆಗಳ ನಡುವೆ ತಡವರಿಸುತ್ತದೆ. ಪರಿಣಾಮ, ಪರೀಕ್ಷೆಗೆಂದು ಗಾಜನೂರಿನ ಆಚೆ ಹೋಗಿ ಬಂದ ದಿನದ ದಾಖಲೆಯಲ್ಲಿ ನಾನು ರಸ್ತೆ ಬಿಟ್ಟು ತುಂಗೆಯ ನೀರಿನ ಮೇಲೆ ಸೈಕಲ್ ತುಳಿದಿದ್ದೇನೆ. ಗಂಟೆಗೆ 19 ಕಿ.ಮೀ. ವೇಗದಲ್ಲಿ.

ಎರಡನೇ ಸಲ ದೊಡ್ಡಮ್ಮನ ಮನೆಗೆ ಹೊರಟಾಗ ಪವರ್ ಬ್ಯಾಂಕನ್ನೂ ಕಟ್ಟಿಕೊಂಡಿದ್ದೆ. ಅದರದ್ದು ಬೇರೆಯೇ ಕಥೆ. ಜಿಪಿಎಸ್ ಕುಡಿಯುವುದು ಗುಟುಕು ಗುಟುಕಾಗಿ. ಇಷ್ಟು ಕಡಿಮೆ ಕರೆಂಟು ಎಳೆಯುವವರನ್ನು ಕೆಲವು ಪವರ್ ಬ್ಯಾಂಕುಗಳು ಲೆಕ್ಕಕ್ಕೇ ಇಡುವುದಿಲ್ಲ, ಯಾರೂ ಇಲ್ಲ ಎಂದು ತಾವೇ ಆರಿಹೋಗುತ್ತವೆ. ನಂದೂ ಹಾಗೇ ಮಾಡಿತು. ಅಷ್ಟರಲ್ಲಿ ಮಳೆ. ಜಿಪಿಎಸ್ಸಿನ ವಯರು ಚುಚ್ಚುವ ತೂತಿಗೆ ನೀರು ಹೋಗದಿರಲೆಂದು ಅದರ ರಬ್ಬರ್ ಮುಚ್ಚಳ ಒತ್ತಿ, ಮೇಲಿಂದ ತೊಳೆದ ಹಾಲಿನ ಪ್ಯಾಕೆಟ್ ಒಂದನ್ನು ತೊಡಿಸಿದೆ. ತೊಳೆದದ್ದು ಸಾಲದಾಗಿತ್ತೇನೋ, ಮಾಳೂರು ದಾಟುವ ತನಕ ಒಂದು ನಾಯಿ ನನ್ನ ಜೊತೆಗೇ ಓಡಿ ಬಂತು. ಅವತ್ತು ನನ್ನ ಸರಾಸರಿ ವೇಗ ಚೆನ್ನಾಗಿ ಬಂದಿದ್ದಕ್ಕೆ ಅದೇ ಕಾರಣ.

ಪೂರ್ತಿ ನೆಂದು ದೊಡ್ಡಮ್ಮನ ಜಗಲಿ ಹತ್ತಿದೆ.

"ಎಂತದೋ ಅದು, ಹಾಲಿನ ಕೊಟ್ಟೆಯಲ್ಲಿ?"

"ಎಷ್ಟು ದೂರ ಬಂದೆ, ಎಷ್ಟು ಹೊತ್ತಾಯಿತು ಅಂತ ತೋರಿಸತ್ತೆ ದೊಡ್ಡಮ್ಮ."

"ಎಷ್ಟಾಯಿತು ಹಾಗಾದ್ರೆ?"

"ನೋಡಿಲ್ಲ. ನೋಡಿದ್ರೆ ಬ್ಯಾಟರಿ ಖರ್ಚಾಗತ್ತೆ."

ದೊಡ್ಡಮ್ಮ ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. "ನಿನ್ನ ದೊಡ್ಡಪ್ಪನೂ ಹೀಗೇ ಇದ್ರು. ಸೆಲ್ಲು ಮುಗಿಯತ್ತೆ ಅಂತ ಟಾರ್ಚ್ ಹಾಕದೇ ತೋಟದಿಂದ ಬಂದು, ಗೊಬ್ಬರದ ಗುಂಡಿಗೆ ಬಿದ್ರು. ಬಿದ್ದಾಗಲೂ ಟಾರ್ಚ್ ಕೈಯಲ್ಲೇ ಇತ್ತು ಮಾರಾಯ."

ನಾನು ಸ್ನಾನ ಮುಗಿಸಿ ಬಂದು ನೋಡಿದರೆ ಜಿಪಿಎಸ್ ಕಾಣಲಿಲ್ಲ. ಹುಡುಕಿದರೆ ಬಚ್ಚಲ ಒಲೆಯ ದಂಡೆಯ ಮೇಲಿತ್ತು. ಪಕ್ಕದಲ್ಲಿ ದೊಡ್ಡಪ್ಪನ ಟಾರ್ಚಿನ ಮೂರು ಸೆಲ್ಲುಗಳು ಸಾಲಾಗಿ ಕೂತಿದ್ದವು. "ಬೆಚ್ಚಗಾದ್ರೆ ಇನ್ನೊಂದು ನಾಲ್ಕು ದಿನ ಬರತ್ತೆ" ಎಂದರು ದೊಡ್ಡಮ್ಮ. ಹಳೇ ಸೆಲ್ಲಿಗೆ ಅದು ಸ್ವಲ್ಪ ಮಟ್ಟಿಗೆ ನಿಜ. ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು ಎಂದು ವಿವರಿಸುತ್ತಾ ಅದನ್ನು ಎತ್ತಿಕೊಂಡು ಓಡಿದೆ. ಆನ್ ಮಾಡಿದೆ, ಬದುಕಿತ್ತು. 72%! ನನ್ನ ಜಿಪುಣತನ ಫಲ ಕೊಟ್ಟಿತ್ತು.

ಜಗಲಿಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. 72 ಇದ್ದದ್ದು 100 ಆಗಲಿ ಎಂದು ರಾತ್ರಿಯಿಡೀ ಜಿಪಿಎಸ್ಸನ್ನೇ ಚಾರ್ಜಿಗೆ ಹಾಕಿದೆ. ಬೆಳಗ್ಗೆ ಐದಕ್ಕೆ ಹೊರಟು ಸೈಕಲ್ಲಿನ ದೀಪ ಒತ್ತಿದರೆ ಅದು ಮಿಣಕ್ ಎಂದು ಸತ್ತಿತು. ಹೊರಗೆ ಕತ್ತಲು, ಮಂಜು. ಕೈಯಲ್ಲಿ 100% ಇರುವ ಯಂತ್ರ.

ದೊಡ್ಡಮ್ಮ ಏನೂ ಹೇಳದೆ ಒಳಗೆ ಹೋಗಿ ದೊಡ್ಡಪ್ಪನ ಟಾರ್ಚ್ ತಂದರು. ಬಾಳೆ ನಾರಿನಲ್ಲಿ ಅದನ್ನು ಹ್ಯಾಂಡಲ್ಲಿಗೆ ಬಿಗಿದರು. ಒಲೆಯ ದಂಡೆಯ ಸೆಲ್ಲುಗಳು, ಬೆಳಕು ಚೆನ್ನಾಗಿಯೇ ಬಿತ್ತು. ನಾನು ಅಂಗಳ ದಾಟಿ ಉಣುಗೋಲು ತೆಗೆಯುವಾಗ ಹಿಂದಿನಿಂದ ಕೂಗಿದರು:

"ಸುಮ್ನೆ ಹಾಕ್ಕೊಂಡೇ ಹೋಗ್ಬೇಡ ಮಾರಾಯ, ತಿರುವು ಬಂದಾಗ ಮಾತ್ರ ಹಾಕು. ಸೆಲ್ಲು ಮುಗಿಯತ್ತೆ!"